ಗ್ಯಾಸ್‌ಲೈಟಿನ ಹೊಟ್ಟೆಗೆ ತೂತು ಕೊರೆಯುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ಆಗಲಿ.

ಈಗ ಎಲ್ಲಿ ನೋಡಿದರೂ 'ಹಳೆಯ ನೆನಪು' ಎಂಬ ಒಂದು ಮೂಲೆ. ಮದುವೆ ಹಾಲಿನಲ್ಲಿ ಇದೆ, ಹೋಮ್‌ಸ್ಟೇಯಲ್ಲಿ ಇದೆ, ನಮ್ಮ ಕನ್ನಡ ಶಾಲೆಗಳ ವಾರ್ಷಿಕೋತ್ಸವದಲ್ಲೂ ಬಂದಿದೆ. ಒಂದು ಒನಕೆ, ಒಂದು ಸೇರು, ಮೇಲಿನಿಂದ ನೇತು ಹಾಕಿದ ಒಂದು ಗ್ಯಾಸ್‌ಲೈಟು. ಹತ್ತಿರ ಹೋಗಿ ನೋಡಿದರೆ ಟ್ಯಾಂಕಿನ ಅಡಿಗೆ ಡ್ರಿಲ್ಲಿನಲ್ಲಿ ತೂತು ಕೊರೆದು ವಯರು ಎಳೆದಿದ್ದಾರೆ, ಮ್ಯಾಂಟಲ್ ಇರಬೇಕಾದಲ್ಲಿ ಹಳದಿ ಎಲ್‌ಇಡಿ ಬಲ್ಬು! ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 'ನಾವು ಹಳೆಯದನ್ನು ಉಳಿಸಿದ್ದೇವೆ ಮಾಷ್ಟ್ರೇ' ಎಂದು ನನಗೇ ಹೇಳುತ್ತಾರೆ. ಏನನ್ನು ಉಳಿಸಿದಿರಿ ಮಾರಾಯ್ರೇ? ಗಾಳಿ ನಿಲ್ಲದ ಟ್ಯಾಂಕನ್ನೇ? ಇನ್ನು ಎಷ್ಟು ಪಂಪು ಹೊಡೆದರೂ ಅದು ಉರಿಯುವುದಿಲ್ಲ.

ಬರ್ಲಿನ್ನಿನ ಏರಿಷ್ ಮತ್ತು ಗ್ರೇಟ್ಸ್ ಕಂಪೆನಿಯವರು 1910ರ ಸುಮಾರಿಗೆ ಮಾಡಿದ ದೀಪ ಇದು. ಪೆಟ್ರೋಲಿಯಂನ 'ಪೆಟ್ರೋ', ಮಾಕ್ಸ್ ಗ್ರೇಟ್ಸ್ ಅವರ 'ಮಾಕ್ಸ್' ಸೇರಿ ಪೆಟ್ರೋಮ್ಯಾಕ್ಸ್. ನಮ್ಮ ಕಡೆ ಅದನ್ನು ಗ್ಯಾಸ್‌ಲೈಟು ಎಂದೇ ಕರೆದರು. ಇದರಲ್ಲಿ ಗ್ಯಾಸ್ ಎಲ್ಲಿದೆ ಎಂದು ನಗುವವರಿದ್ದಾರೆ. ಇದೆ! ಚಿಮಿಣಿ ಎಣ್ಣೆ ಗಾಳಿಯ ಒತ್ತಡಕ್ಕೆ ಕೊಳವೆಯಲ್ಲಿ ಏರುತ್ತದೆ, ಬಿಸಿಗೆ ಆವಿಯಾಗುತ್ತದೆ, ನಿಪ್ಪಲ್‌ನ ಕೂದಲಿನಷ್ಟು ಸಣ್ಣ ತೂತಿನಿಂದ ಚಿಮ್ಮುವಾಗ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಮ್ಯಾಂಟಲ್‌ನೊಳಗೆ ಉರಿಯುತ್ತದೆ. ಆ ಉರಿಯೇ ಮತ್ತೆ ಕೊಳವೆಯನ್ನು ಬಿಸಿ ಇಡುತ್ತದೆ. ಅಂದರೆ ಉರಿಯುವುದು ಎಣ್ಣೆಯಲ್ಲ, ಆವಿ. ಹೆಸರಿಟ್ಟ ನಮ್ಮ ಅಜ್ಜಂದಿರಿಗೆ ವಿಜ್ಞಾನ ಗೊತ್ತಿತ್ತು, ನಗುವ ನಮಗೆ ಗೊತ್ತಿಲ್ಲ.

ಮ್ಯಾಂಟಲ್‌ನ ಕತೆ ಇನ್ನೂ ಚೆನ್ನಾಗಿದೆ. ಆಸ್ಟ್ರಿಯಾದ ಕಾರ್ಲ್ ಔಯರ್ ಎಂಬ ರಸಾಯನ ವಿಜ್ಞಾನಿ 1885ರಲ್ಲಿ ಮೊದಲ ಮ್ಯಾಂಟಲ್ ಮಾಡಿದರು, ಅದರ ಬೆಳಕು ಹಸಿರು ಹಸಿರು. 1891ರಲ್ಲಿ 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಸೇರಿಸಿದ ಮೇಲೆ ಬೆಳ್ಳಗಿನ ಬೆಳಕು ಬಂತು. ಥೋರಿಯಂ ಎಲ್ಲಿಂದ? ತಿರುವಾಂಕೂರಿನ ಕಡಲ ಮರಳಿನಿಂದಲೂ ಹೋಯಿತು! ಇಲ್ಲಿಂದ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡ ಮರಳಿನಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನ ವಿಜ್ಞಾನಿ 1909ರಲ್ಲಿ ಮೋನಜೈಟ್ ಕಂಡುಹಿಡಿದರು. ಮಣವಾಳಕುರಿಚ್ಚಿಯ ಮರಳಿಗೆ ಬೆಲೆ ಬಂದದ್ದು ಹಾಗೆ. (ಕಾಸರಗೋಡಿನ ನಾವು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಬಂದೆವಲ್ಲ, ಅದೇ ದಿನ ಮಣವಾಳಕುರಿಚ್ಚಿ ಮದ್ರಾಸಿಗೆ ಹೋಯಿತು. ಗಡಿಯ ಕತೆ ನಮ್ಮೊಬ್ಬರದ್ದೇ ಅಲ್ಲ.) ರಸಾಯನಶಾಸ್ತ್ರ, ಭೂಗೋಳ, ಚರಿತ್ರೆ ಮೂರನ್ನೂ ಒಂದೇ ವಸ್ತು ಹಿಡಿದು ಕಲಿಸಬಹುದು. ಅದರ ಹೊಟ್ಟೆಗೆ ನೀವು ತೂತು ಕೊರೆಯುತ್ತೀರಿ.

ಗಡಿನಾಡಿನ ಒಂದು ಶಾಲೆಯಲ್ಲಿ ಇದಕ್ಕಿಂತ ಕಡೆಯಾದದ್ದು ನಡೆಯಿತು. ಹೆಸರು ಬೇಡ. ಸ್ಟೋರ್ ರೂಮಿನಲ್ಲಿ ಎರಡು ಗ್ಯಾಸ್‌ಲೈಟುಗಳಿದ್ದವು. ಕರೆಂಟಿಲ್ಲದ ಕಾಲದಲ್ಲಿ ಊರವರು ದುಡ್ಡು ಹಾಕಿ ಶಾಲಾ ನಾಟಕಕ್ಕೆಂದು ತಂದದ್ದು. 'ನಿರುಪಯುಕ್ತ ಸಾಮಗ್ರಿ' ಎಂದು ಬರೆದು ಮುರಿದ ಬೆಂಚುಗಳ ಜೊತೆ ಗುಜರಿಗೆ ತೂಕಕ್ಕೆ ಕೊಟ್ಟರು. ನಾನು ಬೇಡವೆಂದೆ. 'ನಿಮಗೆ ಭಾವನೆ ಜಾಸ್ತಿ' ಎಂಬ ಉತ್ತರ ಬಂತು. ಭಾವನೆಯ ಮಾತಲ್ಲ ಸ್ವಾಮಿ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ 'ದ್ರವವು ಅನಿಲವಾಗುವ ಕ್ರಿಯೆಯೇ ಬಾಷ್ಪೀಕರಣ' ಎಂದು ತಪ್ಪಿಲ್ಲದೆ ಬರೆಯುತ್ತಾರೆ. ಒತ್ತಡ, ದಹನ, ಆಕ್ಸೈಡ್ ಎಲ್ಲವನ್ನೂ ಬರೆಯುತ್ತಾರೆ. ಆದರೆ ಆ ಕನ್ನಡ ಪದಗಳು ಪುಸ್ತಕ ಬಿಟ್ಟು ಹೊರಗೆ ಬಂದದ್ದನ್ನು ಅವರು ಕಂಡಿಲ್ಲ. ಕನ್ನಡದಲ್ಲಿ ವಿಜ್ಞಾನ ಕಷ್ಟ ಎಂದು ಹೇಳಿ ಹೆತ್ತವರು ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವಾಗ ನಮ್ಮ ಬಳಿ ತೋರಿಸಲು ಏನಿದೆ? ಒಂದು ಡಿವಿಷನ್ ಹೋದರೆ ಒಂದು ಹುದ್ದೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಸ್ಟಾಫ್ ರೂಮಿನಲ್ಲಿ ಮಾತ್ರ ಹೇಳುತ್ತೇವೆ.

'ಅಪಾಯ ಅಲ್ಲವೇ' ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಪಾಯ ಇದೆ. ಅದಕ್ಕೇ ತಿಳಿದವರ ಕೈಯಿಂದ ಮಾಡಿಸಬೇಕು. ಅಂಗಳದಲ್ಲಿ ಉರಿಸಬೇಕು, ತರಗತಿಯೊಳಗೆ ಅಲ್ಲ. ಪೆಟ್ರೋಲ್ ಒಂದು ಹನಿಯೂ ಕೂಡದು. ಉರಿಯುವಾಗ, ಬಿಸಿ ಇರುವಾಗ ಎಣ್ಣೆ ತುಂಬಿಸಬಾರದು. ಥೋರಿಯಂ ಅಲ್ಪ ವಿಕಿರಣಶೀಲ, ಆದ್ದರಿಂದ ಹಳೆಯ ಮ್ಯಾಂಟಲ್‌ನ ಬೂದಿಯನ್ನು ಮಕ್ಕಳು ಮುಟ್ಟುವುದು, ಊದುವುದು ಬೇಡ. ಥೋರಿಯಂ ಇಲ್ಲದ ಮ್ಯಾಂಟಲ್‌ಗಳೂ ಈಗ ಇವೆ.

ದುರಸ್ತಿ ನೀವೆಣಿಸಿದಷ್ಟು ಕಷ್ಟವಲ್ಲ. ಹೆಚ್ಚಿನ ದೀಪಗಳು ನಿಂತಿರುವುದು ಒಂದು ಚರ್ಮದ ವಾಷರಿನಿಂದ. ವರ್ಷಗಟ್ಟಲೆ ಬಿಟ್ಟರೆ ಅದು ಒಣಗಿ ಮುದುಡುತ್ತದೆ, ಪಂಪು ಹೊಡೆದರೂ ಗಾಳಿ ಹಿಡಿಯುವುದಿಲ್ಲ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿ ಬೆರಳಿನಿಂದ ಅಂಚು ಅರಳಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಪಂಪಿನ ಕಡ್ಡಿ ತಾನಾಗಿ ಮೇಲೆ ಬರುತ್ತಿದ್ದರೆ ಅಡಿಯ ವಾಲ್ವಿನ ರಬ್ಬರು ಗಟ್ಟಿಯಾಗಿದೆ ಎಂದು ತಿಳಿಯಿರಿ. ನಿಪ್ಪಲ್, ಪಿನ್ನು ಹೊಸದು ಹಾಕಿ, ಕೊಳವೆಯೊಳಗಿನ ಕರಿ ತೆಗೆಯಿರಿ. ಹಳಸಿದ ಎಣ್ಣೆಯನ್ನು ಪೂರ್ತಿ ಚೆಲ್ಲಿ. ಇನ್ನು ಹೊಳಪಿನ ಹುಚ್ಚು! ಅಮೋನಿಯಾ ಇರುವ ಪಾಲಿಶು ಹಾಕಿ ತಿಕ್ಕುತ್ತಾರೆ. ಹಳೆಯ ಹಿತ್ತಾಳೆಗೆ ಅಮೋನಿಯಾ ತಾಗಿದರೆ ಸಣ್ಣ ಸಣ್ಣ ಬಿರುಕು ಬೀಳುತ್ತದೆ, ಒತ್ತಡ ತಡೆಯಬೇಕಾದ ಟ್ಯಾಂಕಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ನಿಕ್ಕಲ್ ಲೇಪ ಇದ್ದದ್ದನ್ನು ಬಫಿಂಗಿಗೆ ಕೊಟ್ಟು ಚಿನ್ನದ ಬಣ್ಣ ಬಂತು ಎಂದು ಕುಣಿಯುವವರಿಗೆ ನಾನು ಏನು ಹೇಳಲಿ.

ಹಚ್ಚುವಾಗ ಆತುರ ಬೇಡ. ಟ್ಯಾಂಕಿನ ಮುಕ್ಕಾಲು ಮಾತ್ರ ಎಣ್ಣೆ, ಉಳಿದದ್ದು ಗಾಳಿಗೆ. ಬಟ್ಟಲಲ್ಲಿ ಸ್ಪಿರಿಟ್ ಉರಿಸಿ ಕೊಳವೆ ಚೆನ್ನಾಗಿ ಕಾಯಲಿ, ಆಮೇಲೆ ಮೆಲ್ಲಗೆ ಪಂಪು. ಹಳದಿ ಜ್ವಾಲೆ ಮೇಲೆದ್ದರೆ ಕಾದದ್ದು ಸಾಲದು ಎಂದರ್ಥ, ಕೂಡಲೇ ಗಾಳಿಯ ಸ್ಕ್ರೂ ಬಿಟ್ಟು ಆರಿಸಿ, ತಣಿದ ಮೇಲೆ ಮೊದಲಿನಿಂದ ಹಚ್ಚಿ. 500 ಕ್ಯಾಂಡಲಿನ ದೀಪ ಸುಮಾರು ಒಂದು ಲೀಟರಿಗೆ ಎಂಟು ಗಂಟೆ ಉರಿಯುತ್ತದೆ. ಬಯಲಾಟದ ರಾತ್ರಿಗೆ ಅಷ್ಟು ಬೇಕಿತ್ತು. ನಡುವೆ ಬೆಳಕು ಕಂದಿದಾಗ ಹೋಗಿ ಪಂಪು ಹೊಡೆಯುತ್ತಿದ್ದವನನ್ನು ಯಾರೂ ಕಲಾವಿದ ಎನ್ನಲಿಲ್ಲ. ಆಟ ನಿಂತದ್ದು ಅವನ ಕೈಯ ಮೇಲೆ.

ಅಂಥವರು ಒಬ್ಬಿಬ್ಬರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಶಾಸ್ತ್ರೋತ್ಸವಕ್ಕೆ ಥರ್ಮಾಕೋಲಿನ ಜ್ವಾಲಾಮುಖಿ ಮಾಡಿಸುವ ಬದಲು ಒಂದು ದಿನ ಅವರನ್ನು ಕರೆಯಿರಿ. ಶಾಲು ಹೊದಿಸಿ ಕಳಿಸಬೇಡಿ, ರಕ್ಷಕ-ಶಿಕ್ಷಕ ಸಂಘದಿಂದ ದಿನದ ಕೂಲಿ ಕೊಡಿ. ಅವರು ಬಿಚ್ಚಿ ಜೋಡಿಸುವಾಗ ಮಕ್ಕಳು ಪ್ರತಿ ಭಾಗದ ಹೆಸರು, ಅದರ ಕೆಲಸ ಕನ್ನಡದಲ್ಲಿ ಬರೆದುಕೊಳ್ಳಲಿ.

ನಿಮ್ಮ ಶಾಲೆಯ ಅಟ್ಟದಲ್ಲಿ ಒಂದಿದ್ದರೆ ಗುಜರಿಯವನು ಬರುವ ಮೊದಲು ಖಾಲಿ ಟ್ಯಾಂಕಿಗೆ ನಾಲ್ಕು ಪಂಪು ಗಾಳಿ ಹೊಡೆದು ನೀರಿನ ಬಕೆಟಿನಲ್ಲಿ ಮುಳುಗಿಸಿ. ಗುಳ್ಳೆ ಬರದಿದ್ದರೆ ನನಗೆ ಒಂದು ಸಾಲು ಬರೆಯಿರಿ, ವಾಷರು ನಾನೇ ತರುತ್ತೇನೆ.