ಪರಿಹಾರದ ಹೆಸರಿನಲ್ಲಿ ಯಾರ ದಡಕ್ಕೆ?

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನ ಮಂಡಾಲೆ ಸುತ್ತಮುತ್ತ 7.7 ತೀವ್ರತೆಯ ಭೂಕಂಪವಾಯಿತು. ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಮರುದಿನವೇ ನಮ್ಮ ಸಾತ್ಪುರ ಮತ್ತು ಸಾವಿತ್ರಿ ನೌಕೆಗಳು ಯಾಂಗೂನ್ ಕಡೆಗೆ ಹೊರಟವು. ಆಗ್ರಾದಿಂದ ಸೇನೆಯ ಆಸ್ಪತ್ರೆಯೊಂದು ವಿಮಾನದಲ್ಲಿ ಹೋಗಿ ಮಂಡಾಲೆಯಲ್ಲಿ ಬೀಡುಬಿಟ್ಟಿತು. ಈ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಆಪರೇಷನ್ ಬ್ರಹ್ಮ. ಇದು ನಡೆಯುತ್ತಿರುವಾಗಲೇ, ಏಪ್ರಿಲ್ 1ರಂದು, ವಿಶಾಖಪಟ್ಟಣದಲ್ಲಿ ಇನ್ನೊಂದು ಕೆಲಸ ಶುರುವಾಯಿತು: ಭಾರತ ಮತ್ತು ಅಮೆರಿಕದ ಮೂರೂ ಪಡೆಗಳು ಸೇರಿ ನಡೆಸುವ ಟೈಗರ್ ಟ್ರಯಂಫ್ ಸಮರಾಭ್ಯಾಸ. ಹದಿಮೂರು ದಿನದ ಈ ಅಭ್ಯಾಸದ ಘೋಷಿತ ಉದ್ದೇಶ ಮಾನವೀಯ ನೆರವು ಮತ್ತು ವಿಪತ್ತು ಪರಿಹಾರ. ಪಾಲ್ಗೊಳ್ಳುವ ನೌಕೆಗಳ ಪ್ರಕಟಿತ ಪಟ್ಟಿಯಲ್ಲಿ ಘರಿಯಾಲ್ ಹೆಸರೂ ಇತ್ತು. ಆ ಘರಿಯಾಲ್ ಏಪ್ರಿಲ್ ಮೊದಲ ವಾರದಲ್ಲೇ ಸುಮಾರು 440 ಟನ್ ಅಕ್ಕಿ, ಅಡುಗೆ ಎಣ್ಣೆ, ಬಿಸ್ಕತ್ತು ತುಂಬಿಕೊಂಡು ಅದೇ ವಿಶಾಖಪಟ್ಟಣದಿಂದ ಮ್ಯಾನ್ಮಾರ್‌ನ ತಿಲಾವಾ ಬಂದರಿಗೆ ಹೊರಟಿತು.

ಅಂದರೆ ಬಂಗಾಳ ಕೊಲ್ಲಿಯ ಒಂದು ದಂಡೆಯಲ್ಲಿ ಕಲ್ಪಿತ ವಿಪತ್ತಿಗೆ ಜಂಟಿ ತಾಲೀಮು, ಎದುರು ದಂಡೆಯಲ್ಲಿ ನಿಜವಾದ ವಿಪತ್ತು. ನಿಜವಾದುದಕ್ಕೆ ಭಾರತ ಯಾರನ್ನೂ ಜತೆಗೆ ಕರೆದುಕೊಳ್ಳದೆ ತಾನೇ ಹೋಯಿತು, ಹೋಗಿ ಬೇಕಾದ್ದನ್ನು ಮಾಡಿತು. ಈ ಒಂದು ಸಂಗತಿಯೇ ಟೈಗರ್ ಟ್ರಯಂಫ್‌ಗೆ ಕೊಡಲಾಗುತ್ತಿರುವ ಸಮಜಾಯಿಷಿಯನ್ನು ಪ್ರಶ್ನಿಸಲು ಸಾಕು.

ಮೊದಲೇ ಹೇಳಿಬಿಡುತ್ತೇನೆ: ಉಭಯಚರ ಯುದ್ಧದ ತರಬೇತಿ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಸಮುದ್ರದಿಂದ ಬಂದು ದಡಕ್ಕೆ ಇಳಿಯುವುದು ಸೈನ್ಯಕ್ಕೆ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ನೌಕೆ, ದೋಣಿ, ಟ್ಯಾಂಕು, ಹೆಲಿಕಾಪ್ಟರು, ಉಬ್ಬರವಿಳಿತದ ಲೆಕ್ಕ, ಮರಳಿನ ಇಳಿಜಾರು ಎಲ್ಲವೂ ಒಂದೇ ಗಳಿಗೆಗೆ ಕೂಡಿಬರಬೇಕು. ಕಲಿಯದೆ ಹೋದರೆ ಏನಾಗುತ್ತದೆಂದು ನಮಗೆ ಚೆನ್ನಾಗಿ ಗೊತ್ತು. 1971ರ ಡಿಸೆಂಬರ್‌ನಲ್ಲಿ ಕಾಕ್ಸ್ ಬಜಾರಿನ ತೀರಕ್ಕೆ ಗೂರ್ಖಾ ಪಡೆಯನ್ನು ಇಳಿಸಲು ಅವಸರದಲ್ಲಿ ಹೊರಟ ಆಪರೇಷನ್ ಬೀವರ್ ಅಂಥದ್ದು. ಅಲ್ಲಿನ ತೀರದ ಇಳಿಜಾರನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. ಸಮುದ್ರವನ್ನೇ ಕಾಣದ ಗುಡ್ಡಗಾಡಿನ ಹುಡುಗರನ್ನು ಬೆನ್ನಿನ ಹೊರೆಯೊಂದಿಗೆ ನೀರಿಗಿಳಿಸಿದರು. ಶತ್ರುವಿನ ಒಂದು ಗುಂಡೂ ಹಾರದ ಆ ದಡದಲ್ಲಿ ನಮ್ಮ ಯೋಧರು ಮುಳುಗಿ ಸತ್ತರು. ಅದಕ್ಕೂ ಹತ್ತು ವರ್ಷ ಮೊದಲು ನಮ್ಮ ಕಾರವಾರದ ಎದುರಿಗೇ ಇನ್ನೊಂದು ನಡೆದಿತ್ತು. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ವೇಳೆ, ತ್ರಿಶೂಲ್ ಮತ್ತು ಮೈಸೂರು ಎಂಬ ಯುದ್ಧನೌಕೆಗಳ ಬೆಂಬಲದಲ್ಲಿ ನಾವಿಕರ ತುಕಡಿ ಅಂಜದೀವ್ ದ್ವೀಪಕ್ಕೆ ಇಳಿಯಿತು. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ ಆಮೇಲೆ ಗುಂಡು ಹಾರಿಸಿದರು. 7 ನಾವಿಕರು ಜೀವ ಕಳೆದುಕೊಂಡರು. ಆ ದ್ವೀಪ ಈಗ ಕದಂಬ ನೌಕಾನೆಲೆಯ ಸುಪರ್ದಿಯಲ್ಲಿದೆ. ಹೀಗಿರುವಾಗ ತರಬೇತಿ ಯಾಕೆ ಎಂದು ಕೇಳುವುದು ಮೂರ್ಖತನ.

ಕೇಳಬೇಕಾದದ್ದು ಬೇರೆ. ದಡಕ್ಕೆ ಇಳಿಯುವ ತರಬೇತಿಗೆ ಪರಿಹಾರದ ಬಟ್ಟೆ ಯಾಕೆ ತೊಡಿಸಬೇಕು? ಟೈಗರ್ ಟ್ರಯಂಫ್ ಸರಣಿ ಶುರುವಾದದ್ದು 2019ರಲ್ಲಿ. ಆ ವರ್ಷ ಸೆಪ್ಟೆಂಬರ್ 22ರಂದು ಹ್ಯೂಸ್ಟನ್‌ನ 'ಹೌಡಿ ಮೋದಿ' ಸಮಾವೇಶದ ವೇದಿಕೆಯಲ್ಲಿ ಡೊನಾಲ್ಡ್ ಟ್ರಂಪ್ ಇದನ್ನು ಪ್ರಸ್ತಾಪಿಸಿ ಹೆಸರನ್ನೂ ಮೆಚ್ಚಿಕೊಂಡರು. ಅವರ ಬಾಯಲ್ಲಿ ಅದು ರಕ್ಷಣಾ ಸಂಬಂಧದ ಹೆಗ್ಗುರುತು. ದೆಹಲಿಯ ಪ್ರಕಟಣೆಯಲ್ಲಿ ಅದೇ ಅಭ್ಯಾಸ ಸಂತ್ರಸ್ತರ ಸೇವೆಯಾಗಿಬಿಡುತ್ತದೆ. ಪತ್ರಿಕೆಗಳಿಗೆ ಕಳಿಸುವ ಚಿತ್ರಗಳಲ್ಲಿ, ದಡಕ್ಕೆ ಇಳಿಯುವ ತಾಲೀಮು ನಡೆಯುವ ಕಾಕಿನಾಡದ ಮರಳಿಗೆ ಶಸ್ತ್ರಸಜ್ಜಿತ ವಾಹನಗಳು ಇಳಿಯುತ್ತವೆ. ಅಡಿಯ ಒಕ್ಕಣೆಯಲ್ಲಿ ಮಾತ್ರ ಕರುಣೆ.

ವಿಪತ್ತು ಪರಿಹಾರ ಎಂಬ ವಾದವನ್ನೇ ಒಪ್ಪಿಕೊಂಡು ಯೋಚಿಸೋಣ. ಪರಿಹಾರ ಯಾರಿಗೆ? ಭಾರತಕ್ಕಂತೂ ಇರಲಾರದು. 2004ರ ಸುನಾಮಿಯಲ್ಲಿ ತಮಿಳುನಾಡು, ಅಂಡಮಾನ್ ತತ್ತರಿಸಿದಾಗ ನಾವು ವಿದೇಶಿ ಸರ್ಕಾರಗಳ ನೆರವು ಬೇಡವೆಂದೆವು. 2018ರಲ್ಲಿ ಕೇರಳ ಮುಳುಗಿದಾಗಲೂ ಕೇಂದ್ರದ ಉತ್ತರ ಅದೇ. ತನ್ನ ನೆಲದ ಮೇಲೆ ವಿದೇಶಿ ಸರ್ಕಾರದ ಹಣವನ್ನೂ ಒಪ್ಪದ ದೇಶ ವಿದೇಶಿ ಮೆರೀನ್ ಪಡೆಯನ್ನು ಕರೆಸಿಕೊಳ್ಳುವುದಿಲ್ಲ. ಹಾಗಾದರೆ ಉಳಿಯುವುದು ಮೂರನೆಯ ದೇಶ: ಶ್ರೀಲಂಕಾ, ಮಾಲ್ಡೀವ್ಸ್, ಬಾಂಗ್ಲಾದೇಶ, ಮ್ಯಾನ್ಮಾರ್. ಈ ನೆರೆಹೊರೆಯವರ ದಡಕ್ಕೆ ಅಮೆರಿಕದ ಜತೆ ಕೈಹಿಡಿದು ಇಳಿಯುವ ತಾಲೀಮನ್ನು ನಾವು ನಡೆಸುತ್ತಿದ್ದೇವೆ ಎಂದಾಯಿತು. ಅವರಿಗೆ ಇದು ಹೇಗೆ ಕಾಣುತ್ತದೆ ಎಂದು ಸೌತ್ ಬ್ಲಾಕ್‌ನಲ್ಲಿ ಯಾರಾದರೂ ಯೋಚಿಸಿದ್ದಾರೆಯೇ?

ನರ್ಗಿಸ್ ಚಂಡಮಾರುತವನ್ನು ನೆನಪಿಸಿಕೊಳ್ಳಿ. 2008ರ ಮೇ ತಿಂಗಳಲ್ಲಿ ಮ್ಯಾನ್ಮಾರ್‌ನ ಐರಾವತಿ ನದಿಯ ಮುಖಜಭೂಮಿಯನ್ನು ಅದು ಅಳಿಸಿಹಾಕಿತು. ಸತ್ತವರು, ಕಾಣೆಯಾದವರು ಸೇರಿ 1.3 ಲಕ್ಷಕ್ಕೂ ಹೆಚ್ಚು. ಅಂದಿನ ಮಿಲಿಟರಿ ಆಡಳಿತ ಹೊರಗಿನವರನ್ನು ಕಂಡರೆ ಹೆದರುತ್ತಿತ್ತು. ಅಮೆರಿಕದ ಕೆಲವು ಸರಕು ವಿಮಾನಗಳಿಗೆ ಅನುಮತಿ ಸಿಕ್ಕಿತು, ಆದರೆ ಎಸೆಕ್ಸ್ ನೇತೃತ್ವದ ಉಭಯಚರ ನೌಕೆಗಳ ತಂಡ ಹೆಲಿಕಾಪ್ಟರು, ಕುಡಿಯುವ ನೀರು, ವೈದ್ಯರನ್ನೆಲ್ಲ ಇಟ್ಟುಕೊಂಡು ವಾರಗಟ್ಟಲೆ ಸಮುದ್ರದಲ್ಲೇ ಕಾದು, ಜೂನ್ ಆರಂಭದಲ್ಲಿ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಮರಳಿತು. ದಡಕ್ಕೆ ಇಳಿಯುವ ಹಡಗೆಂದರೆ ದಾಳಿಯ ಹಡಗು ಎಂಬ ಭಯ ಆ ಜನರಲ್‌ಗಳದ್ದು. ಭಯ ತಪ್ಪಿರಬಹುದು, ಅದರ ಬೆಲೆ ತೆತ್ತವರು ಬಡ ರೈತರು. ಆದರೆ ಅದೇ ಮೇ ತಿಂಗಳ ಮೊದಲ ವಾರದಲ್ಲೇ ಭಾರತದ ರಾಣಾ ಮತ್ತು ಕಿರ್ಪಾಣ್ ನೌಕೆಗಳು ಪರಿಹಾರ ಸಾಮಗ್ರಿಯೊಂದಿಗೆ ಯಾಂಗೂನ್ ತಲುಪಿದ್ದವು. ನಮಗೆ ಆ ಬಾಗಿಲು ತೆರೆದದ್ದು ನಾವು ದೊಡ್ಡ ನೌಕಾಪಡೆ ಎಂದಲ್ಲ. ನಾವು ಯಾರ ಪರವಾಗಿಯೂ ಬಂದವರಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆಯೇ ಈ ಕೊಲ್ಲಿಯಲ್ಲಿ ಭಾರತದ ನಿಜವಾದ ಆಸ್ತಿ. ಕಾಕಿನಾಡದ ಮರಳಿನಲ್ಲಿ ನಾವು ಕರಗಿಸುತ್ತಿರುವುದು ಅದನ್ನೇ.

ಸಮರ್ಥಕರ ಬಳಿ ಒಳ್ಳೆಯ ಉದಾಹರಣೆಗಳಿಲ್ಲ ಎಂದಲ್ಲ. 1991ರ ಏಪ್ರಿಲ್ ಚಂಡಮಾರುತದಲ್ಲಿ ಬಾಂಗ್ಲಾದೇಶದ ಕರಾವಳಿ ನೆಲಕಚ್ಚಿದಾಗ, ಕೊಲ್ಲಿ ಯುದ್ಧ ಮುಗಿಸಿ ಮರಳುತ್ತಿದ್ದ ಅಮೆರಿಕದ ಮೆರೀನ್ ಪಡೆಗಳು ಆಪರೇಷನ್ ಸೀ ಏಂಜೆಲ್ ನಡೆಸಿ ಅಸಂಖ್ಯ ಜೀವ ಉಳಿಸಿದವು. ಸುನಾಮಿಯಲ್ಲಿ ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯ ಒಟ್ಟಾಗಿ ಕೆಲಸ ಮಾಡಿದ್ದರಿಂದಲೇ ಕ್ವಾಡ್‌ನ ಬೀಜ ಬಿತ್ತು ಎಂಬುದೂ ನಿಜ. ಆದರೆ ಬಾಂಗ್ಲಾದೇಶ ಆಗ ತಾನಾಗಿ ನೆರವು ಕೇಳಿತ್ತು. ಸುನಾಮಿಯ ಸಹಕಾರಕ್ಕೆ ಮೊದಲು ನಾಲ್ಕೂ ದೇಶ ಸೇರಿ ಅಭ್ಯಾಸ ನಡೆಸಿರಲಿಲ್ಲ. ನಾಲ್ಕು ದೇಶಗಳ ಅಧಿಕಾರಿಗಳು ಫೋನಿನಲ್ಲಿ ಮಾತಾಡಿಕೊಂಡು ಕೆಲಸ ಹಂಚಿಕೊಂಡರು. ಇನ್ನು ನಾವೇ ನಮ್ಮ ಜಲಾಶ್ವ ನೌಕೆಯಲ್ಲಿ 2020ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಿಂದ 698 ಮಂದಿಯನ್ನು ಕೊಚ್ಚಿಗೆ ಕರೆತಂದೆವು. ಅದಕ್ಕೆ ಯಾವ ಜಂಟಿ ಸಮನ್ವಯ ಕೇಂದ್ರವೂ ಬೇಕಾಗಲಿಲ್ಲ.

2025ರ ಅಭ್ಯಾಸದಲ್ಲಿ ರೂಪಿಸಲು ಹೊರಟಿದ್ದು ಇದೇ, ಎರಡೂ ದೇಶಗಳ ಜಂಟಿ ಸಮನ್ವಯ ಕೇಂದ್ರ ಮತ್ತು ಅದರ ಕಾರ್ಯವಿಧಾನ. ಆ ಕೇಂದ್ರದಲ್ಲಿ ಕೊನೆಯ ಮಾತು ಯಾರದ್ದು? ನೆರವು ಪಡೆಯುವ ದೇಶದ ಅಧಿಕಾರಿಗೆ ಅಲ್ಲಿ ಕುರ್ಚಿ ಇದೆಯೇ? ಇನ್ನೊಂದು ವಿಚಿತ್ರ. 2025ರ ಆರಂಭದ ತಿಂಗಳುಗಳಲ್ಲೇ ವಾಷಿಂಗ್ಟನ್ ತನ್ನ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ಗೆ ಬೀಗ ಹಾಕಲು ಶುರುಮಾಡಿತ್ತು. ಪರಿಹಾರದ ಕಚೇರಿ ಮುಚ್ಚುತ್ತಿದ್ದವರು ನಮ್ಮೊಡನೆ ಪರಿಹಾರದ ತಾಲೀಮಿಗೆ ಕಳಿಸಿದ್ದು ಕಾಮ್‌ಸ್ಟಾಕ್ ಎಂಬ ಉಭಯಚರ ನೌಕೆಯನ್ನು, ರಾಲ್ಫ್ ಜಾನ್ಸನ್ ಎಂಬ ಕ್ಷಿಪಣಿ ವಿಧ್ವಂಸಕವನ್ನು. ಭೂಕಂಪಕ್ಕೆ ಕ್ಷಿಪಣಿ ಯಾಕೆ ಬೇಕೆಂದು ಕೇಳಿದರೆ ಕುಹಕ ಎನ್ನುತ್ತಾರೆ. ಇರಲಿ.

ಚೀನಾ ಇದೆಯಲ್ಲ, ಅದಕ್ಕೆ ತಯಾರಾಗಬೇಡವೇ ಎಂಬುದು ಖಾಸಗಿ ಮಾತುಕತೆಯಲ್ಲಿ ಬರುವ ನಿಜವಾದ ವಾದ. ಬೇಕು. ಹಾಗಿದ್ದರೆ ಅದನ್ನೇ ಬಾಯಿಬಿಟ್ಟು ಹೇಳಿ, ಸಂಸತ್ತಿನಲ್ಲಿ ಚರ್ಚೆ ಆಗಲಿ. ಯಾರ ಜತೆ ಸೇರಿ ತಯಾರಾಗುತ್ತಿದ್ದೇವೆ ಎಂಬುದನ್ನೂ ಕಣ್ಣುಬಿಟ್ಟು ನೋಡೋಣ. 1971ರಲ್ಲಿ ನಮ್ಮವರು ಕಾಕ್ಸ್ ಬಜಾರಿನಲ್ಲಿ ಒದ್ದಾಡುತ್ತಿದ್ದ ದಿನಗಳಲ್ಲೇ ಬಂಗಾಳ ಕೊಲ್ಲಿಗೆ ಬಂದ ಅಮೆರಿಕದ ನೌಕಾದಂಡಿನಲ್ಲಿ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಒಂದೇ ಇರಲಿಲ್ಲ, ಮೆರೀನ್ ಪಡೆ ಹೊತ್ತ ಟ್ರಿಪೊಲಿ ಎಂಬ ಉಭಯಚರ ನೌಕೆಯೂ ಇತ್ತು. ಅದು ಹಳೆಯ ಕತೆ ಎಂದರೆ 2021ರ ಏಪ್ರಿಲ್ 7 ಇದೆ. ಅಮೆರಿಕದ ಏಳನೇ ನೌಕಾದಳದ ಜಾನ್ ಪಾಲ್ ಜೋನ್ಸ್ ವಿಧ್ವಂಸಕ ಲಕ್ಷದ್ವೀಪದಿಂದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ, ನಮ್ಮ ವಿಶೇಷ ಆರ್ಥಿಕ ವಲಯದೊಳಗೆ, ಭಾರತದ ಅನುಮತಿ ಕೇಳದೆ ಸಾಗಿತು. ಸಾಗಿದ್ದಷ್ಟೇ ಅಲ್ಲ, ಅನುಮತಿ ಕೇಳಲಿಲ್ಲ ಎಂಬುದನ್ನೇ ಹೆಮ್ಮೆಯಿಂದ ಪ್ರಕಟಣೆ ಹೊರಡಿಸಿ ಹೇಳಿತು. ಆ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಭ್ಯಾಸದಲ್ಲಿ ಭಾರತ, ಅಮೆರಿಕ ಎರಡರ ನೌಕೆಗಳೂ ಒಟ್ಟಿಗೇ ಇದ್ದವು. ಸಮುದ್ರ ಕಾನೂನಿನ ಒಪ್ಪಂದವನ್ನು ನಾವು 1995ರಲ್ಲೇ ಅನುಮೋದಿಸಿದ್ದೇವೆ. ಅಮೆರಿಕ ಈವರೆಗೂ ಅನುಮೋದಿಸಿಲ್ಲ. 2025ರ ಆಗಸ್ಟ್‌ನಲ್ಲಿ ಅದೇ ಮಿತ್ರ ನಮ್ಮ ಸರಕಿನ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿದ. ಸ್ನೇಹ ಎಷ್ಟು ದಿನದ್ದು ಎಂದು ಲೆಕ್ಕ ಹಾಕುವವರು ಇದನ್ನೂ ಹಾಕಲಿ.

ಈಗ ಜಲಾಶ್ವದ ವಿಷಯ. ಟೈಗರ್ ಟ್ರಯಂಫ್‌ನ ಭಾರತೀಯ ಮುಖವೆಂದರೆ ಆ ನೌಕೆಯೇ. ಮೂಲ ಹೆಸರು ಟ್ರೆಂಟನ್, ಅಮೆರಿಕದ ನೌಕಾಪಡೆ ಸೇರಿದ್ದು 1971ರಲ್ಲಿ. ಅವರು ಮೂಲೆಗಿಟ್ಟ ಹಡಗನ್ನು ನಾವು ಸುಮಾರು 200 ಕೋಟಿ ರೂಪಾಯಿ ಕೊಟ್ಟು ಕೊಂಡು 2007ರಲ್ಲಿ ನಮ್ಮ ಬಾವುಟ ಏರಿಸಿದೆವು. ಮರುವರ್ಷವೇ ಮಹಾಲೇಖಪಾಲರ ವರದಿ ಆ ಖರೀದಿಯನ್ನು ಕಟುವಾಗಿ ಟೀಕಿಸಿತು. ಹಡಗಿನ ಸ್ಥಿತಿಯನ್ನು ಸರಿಯಾಗಿ ನೋಡದೆ ಕೊಂಡಿದ್ದಾರೆ, ಆಕ್ರಮಣಕಾರಿ ನಿಯೋಜನೆಗೆ ನಿರ್ಬಂಧವಿದೆ, ಬೇಕೆಂದಾಗ ತಪಾಸಣೆ ನಡೆಸುವ ಹಕ್ಕನ್ನು ಅಮೆರಿಕ ಉಳಿಸಿಕೊಂಡಿದೆ ಎಂದಿತು. ಇದೇ ಗಾತ್ರದ ನಾಲ್ಕು ನೌಕೆಗಳನ್ನು ಸ್ವದೇಶದಲ್ಲೇ ಕಟ್ಟುವ ಯೋಜನೆ ಕಡತದಲ್ಲೇ ಮುದಿಯಾಯಿತು. ಕರೆದ ಟೆಂಡರು 2020ರಲ್ಲಿ ರದ್ದಾಯಿತು, 2021ರಲ್ಲಿ ಮತ್ತೆ ಮಾಹಿತಿ ಕೋರಿ ಆರಂಭಕ್ಕೇ ಬಂದು ನಿಂತಿತು. ದಡಕ್ಕೆ ಇಳಿಯುವ ಶಕ್ತಿ ಬೇಕು ಎನ್ನುವವರು ಮೊದಲು ಆ ಹಡಗುಗಳನ್ನು ಕೇಳಬೇಕಿತ್ತು. ಬೇರೆಯವರ ಹಡಗಿನ ಜತೆ ಹದಿಮೂರು ದಿನ ಓಡಾಡಿದ ಮಾತ್ರಕ್ಕೆ ಶಕ್ತಿ ಬರುವುದಿಲ್ಲ, ಅವಲಂಬನೆ ಬರುತ್ತದೆ. 2016ರ ಲಾಜಿಸ್ಟಿಕ್ಸ್ ಒಪ್ಪಂದ, 2018ರ ಸಂವಹನ ಒಪ್ಪಂದ, 2020ರ ಭೂನಕ್ಷೆ ಒಪ್ಪಂದ ಎಲ್ಲವೂ ಆ ಅವಲಂಬನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿ ಮಾಡಿವೆ.

ನೌಕಾಬಲದ ಬೆಲೆ ಏನೆಂದು ಕಾರವಾರದವರಿಗೆ ಇನ್ನೊಂದು ಬಗೆಯಲ್ಲಿ ಗೊತ್ತು. ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಸಾವಿರಾರು ಕುಟುಂಬಗಳು ಊರು ಬಿಟ್ಟವು, ಮೀನುಗಾರರು ಕಡಲು ಬಿಟ್ಟರು. ಪರಿಹಾರದ ಹಣಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದರು. ದೇಶದ ರಕ್ಷಣೆಗೆ ಎಂಬ ಮಾತಿಗೆ ತಲೆಬಾಗಿ ಅವರು ಅಷ್ಟನ್ನು ಕೊಟ್ಟರು. ಆ ಕಡಲಿನಲ್ಲಿ ಕಟ್ಟಿದ ಬಲವನ್ನು ಯಾರ ಜತೆ, ಯಾರ ದಡಕ್ಕೆ, ಯಾರ ಆಜ್ಞೆಯ ಮೇಲೆ ಬಳಸಲಾಗುತ್ತದೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ಆದ್ದರಿಂದ ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ, ಅದರಲ್ಲೂ ಉತ್ತರ ಕನ್ನಡ, ಉಡುಪಿ-ಚಿಕ್ಕಮಗಳೂರು, ದಕ್ಷಿಣ ಕನ್ನಡದಿಂದ ಗೆದ್ದು ಹೋದ ಮೂವರಲ್ಲಿ, ಒಬ್ಬರಾದರೂ ಮುಂದಿನ ಟೈಗರ್ ಟ್ರಯಂಫ್‌ಗೆ ಮೊದಲು ರಕ್ಷಣಾ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಲಿ. ಜಂಟಿ ಸಮನ್ವಯ ಕೇಂದ್ರದ ಕಾರ್ಯವಿಧಾನವನ್ನು ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ ಇಡುತ್ತೀರಾ? ಮೂರನೆಯ ದೇಶವೊಂದು ತಾನಾಗಿ ಬರೆದು ಕೇಳದ ಹೊರತು ಅದರ ದಡಕ್ಕೆ ನಮ್ಮ ಯೋಧ ಅಮೆರಿಕದವರ ಜತೆ ಇಳಿಯುವುದಿಲ್ಲ ಎಂದು ಮಾತು ಕೊಡುತ್ತೀರಾ? ಉತ್ತರ ಹೌದು ಎಂದಾದರೆ ಅಭ್ಯಾಸ ನಡೆಯಲಿ. ಇಲ್ಲವಾದರೆ ಅದನ್ನು ಪರಿಹಾರ ಎಂದು ಕರೆಯುವುದನ್ನು ಇವತ್ತೇ ನಿಲ್ಲಿಸಲಿ.