ಟವಲಿನ ಕೆಳಗಿನ ಬೆಲೆ

ಬಸ್ ಪಾಸು ಹಿಡಿದು ಕಾಲೇಜಿಗೆ ಬರುವವನಿಗೆ ಸ್ಪೋರ್ಟ್ಸ್ ಕಾರಿನ ಚಿಂತೆಯೇಕೆಂದು ಮಿತ್ರರು ನಗಬಹುದು. ಮಹದೇವಪುರದಲ್ಲಿ ಜಮೀನು ಮಾರಿದ ನಮ್ಮ ದೊಡ್ಡಪ್ಪನ ಮಗ ಅಂತಹುದೊಂದನ್ನು ಕೊಳ್ಳಹೊರಟಾಗ, ಮನೆಯಲ್ಲಿ ಓದಿದವನು ನಾನೊಬ್ಬನೇ ಎಂದು ಜೊತೆಗೆ ಕರೆದೊಯ್ದ. ಓಡಿಸಿ ನೋಡುತ್ತೇನೆಂದರೆ, ಮೊದಲು ಮುಂಗಡ ಕಟ್ಟಿ ಎಂದರು. ಅದೇ ಹೊತ್ತಿಗೆ ಬಂದ ಸೂಟುಧಾರಿಗೆ ಕೇಳಿದೊಡನೆ ಬೀಗದ ಕೈ ದೊರೆಯಿತು. ಅಣ್ಣನ ಕಾಲಲ್ಲಿ ಹವಾಯಿ ಚಪ್ಪಲಿಯಿತ್ತು.

ದುಬಾರಿ ವಾಹನವನ್ನು ಕಂಡಕಂಡವರಿಗೆಲ್ಲ ಕೊಡಲಾಗದೆಂಬುದು ನ್ಯಾಯವೇ. ಲೈಸೆನ್ಸು ನೋಡಲಿ, ಪಕ್ಕದಲ್ಲಿ ತಮ್ಮವರೊಬ್ಬರನ್ನು ಕೂರಿಸಲಿ. ಆದರೆ ನಿಯಮ ಎಲ್ಲರಿಗೂ ಒಂದೇ ಇರಬೇಕು.

ಬೆಲೆಯ ಮಾತೂ ಹಾಗೆಯೇ. ಫಲಕದಲ್ಲಿ ಕಾಣುವುದು ಷೋರೂಮಿನ ಬೆಲೆ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಶೇಕಡ 18ರಷ್ಟು ಆಜೀವ ತೆರಿಗೆ, ಅದರ ಮೇಲೆ ಸೆಸ್ಸು, ಬಳಿಕ ವಿಮೆ. ಇವು ಕಾನೂನಿನವು. ಆದರೆ ‘ನಿರ್ವಹಣಾ ಶುಲ್ಕ’ವೆಂಬುದು ಯಾರದು? ವಿಮೆಯನ್ನು ಬೇರೆಡೆ ಕೊಳ್ಳುವ ಸ್ವಾತಂತ್ರ್ಯವಿದೆಯೆಂದು ಹೇಳುವವರಾರು? ಓದಿದ ನನಗೂ ಆ ಚೀಟಿ ಅರ್ಥವಾಗಲಿಲ್ಲ, ನಾಚಿಕೆಯಾಯಿತು.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಆದರೂ ಎತ್ತಿನ ಹಲ್ಲೆಣಿಸಿ, ನಡೆಸಿ ನೋಡುವ ರೈತನಿಂದ ಯಾರೂ ಮುಂಗಡ ಕೇಳರು. ಗಾಜಿನ ಮಳಿಗೆಯಲ್ಲಿ ಟವಲು ಉಳಿದಿದೆ, ಹಲ್ಲು ನೋಡುವ ಹಕ್ಕು ಹೋಗಿದೆ.

ರಸ್ತೆಗಿಳಿಯುವ ಬೆಲೆಯನ್ನು ಬಾಬುವಾರು ಬರೆದು, ಓಡಿಸಿ ನೋಡುವ ನಿಯಮದೊಡನೆ ಬಾಗಿಲಲ್ಲೇ ತೂಗುಹಾಕಲಿ. ಹಣ ಕೊಡುವವನಿಗೆ ಅಷ್ಟು ಮರ್ಯಾದೆ ಸಲ್ಲಬೇಡವೇ?