ಇರಬೇಕಾದ ಜಾಗ ಬಿಟ್ಟ ವೃತ್ತ

ಹೋದ ಭಾನುವಾರ ಪರಿಚಯದವರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಪಿಯುಸಿ ಕಿರುಪರೀಕ್ಷೆಯ ಉತ್ತರಪತ್ರಿಕೆ. "ಮೇಷ್ಟ್ರೇ, ಇವಳಿಗೆ ಲೆಕ್ಕ ಹತ್ತೋದಿಲ್ಲ ಅನ್ನಿಸುತ್ತೆ. ಸೈನ್ಸ್ ಬಿಡಿಸಿ ಕಾಮರ್ಸಿಗೆ ಹಾಕಿಬಿಡಲೇ?" ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ಪ್ರಶ್ನೆ ಇದು (ಎಕ್ಸ್ ಬದಲು ಕ್ಷ, ವೈ ಬದಲು ಯ ಎಂದು ಬರೆಯುತ್ತೇನೆ, ಕ್ಷ-ಕಿರಣ ಎನ್ನುವುದಿಲ್ಲವೇ, ಹಾಗೆ):

ಕ್ಷ² + ಯ² − 6ಕ್ಷ + 4ಯ − 12 = 0

ಇದರ ಕೇಂದ್ರ, ತ್ರಿಜ್ಯ ಕಂಡುಹಿಡಿದು ನಕ್ಷೆ ಬರೆಯಬೇಕು. ತ್ರಿಜ್ಯ 5 ಎಂದು ಸರಿಯಾಗಿಯೇ ಬಂದಿತ್ತು. ಕೇಂದ್ರ ಮಾತ್ರ (−3, 2) ಎಂದಾಗಿತ್ತು. ಅಲ್ಲಿಗೇ ಕೈವಾರದ ಮೊನೆ ಊರಿ ಬಲು ಅಂದದ ವೃತ್ತ ಎಳೆದಿದ್ದಳು.

"ಹೇಗಮ್ಮ ಮಾಡಿದೆ?" ಎಂದೆ. "ಸೂತ್ರ ಹಾಕಿದೆ ಸರ್. ಪ್ಲಸ್ಸೋ ಮೈನಸ್ಸೋ ಮರೆತುಹೋಯಿತು." ತಪ್ಪು ಅವಳೊಬ್ಬಳದೇ ಅಲ್ಲ. ಸೂತ್ರವನ್ನು ಮೊದಲು ಕೊಟ್ಟು ವೃತ್ತವನ್ನು ಆಮೇಲೆ ತೋರಿಸುವ ನಮ್ಮಂಥ ಮೇಷ್ಟ್ರುಗಳದ್ದೂ ಪಾಲಿದೆ.

ಗೂಟಕ್ಕೆ ಕಟ್ಟಿದ ಹಸುವನ್ನು ನೆನೆದುಕೊಳ್ಳಿ. ಹಗ್ಗ ಬಿಗಿಯಾಗಿಯೇ ಇದ್ದು ಹಸು ಸುತ್ತು ಹಾಕಿದರೆ ಅದರ ಹಾದಿಯೇ ವೃತ್ತ. ಗೂಟ (3, −2)ರಲ್ಲಿದೆ, ಹಗ್ಗದ ಉದ್ದ 5, ಹಸು ನಿಂತಿರುವ ಜಾಗ (ಕ್ಷ, ಯ). ಗೂಟದಿಂದ ಅಡ್ಡಲಾಗಿ ಎಷ್ಟು ದೂರ? ಕ್ಷದಿಂದ 3 ಕಳೆಯಬೇಕು: ಕ್ಷ − 3. ಮೇಲು-ಕೆಳಗೆ ಎಷ್ಟು? ಯದಿಂದ −2 ಕಳೆಯಬೇಕು: ಯ + 2. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು, ಹಗ್ಗವೇ ವಿಕರ್ಣ. ಪೈಥಾಗೊರಸ್ ಪ್ರಮೇಯ ಹಾಕಿದರೆ

(ಕ್ಷ − 3)² + (ಯ + 2)² = 25

ಆವರಣ ಬಿಡಿಸಿ ನೋಡಿ, ಪರೀಕ್ಷೆಯ ಸಮೀಕರಣವೇ! ಕೇಂದ್ರದಲ್ಲಿ 3 ಇದ್ದರೆ ಸಮೀಕರಣದಲ್ಲಿ −3 ಏಕೆ? ದೂರ ಅಳೆಯಲು ಕಳೆದೆವು, ಅಷ್ಟೆ.

ಇನ್ನು ಹಿಂದಕ್ಕೆ ಬರುವ ದಾರಿ. 6ರ ಅರ್ಧ 3, ಅದರ ವರ್ಗ 9. 4ರ ಅರ್ಧ 2, ಅದರ ವರ್ಗ 4. ಇವನ್ನು ಎಡಕ್ಕೆ ಸೇರಿಸಿದರೆ ಎರಡು ಪೂರ್ಣವರ್ಗಗಳಾಗುತ್ತವೆ. ಬಲಕ್ಕೂ ಸೇರಿಸಬೇಕು: 12 + 9 + 4 = 25. ಬಲಕ್ಕೆ ಸೇರಿಸಲು ಮರೆಯುವವರೇ ಹೆಚ್ಚು.

ಫ್ರಾನ್ಸಿನ ರೆನೆ ದೇಕಾರ್ತ್ 1637ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ರೇಖಾಗಣಿತಕ್ಕೂ ಬೀಜಗಣಿತಕ್ಕೂ ನಂಟು ಬೆಸೆದ. ಆ ನಂಟಿನ ಲಾಭವೆಂದರೆ, ಚಿತ್ರದ ತಪ್ಪನ್ನು ಸಮೀಕರಣವೇ ಹೇಳುತ್ತದೆ. ಹುಡುಗಿಯ ವೃತ್ತದ ಬಲತುದಿ (2, 2). ಅದನ್ನು ಸಮೀಕರಣಕ್ಕೆ ಹಾಕಲು ಹೇಳಿದೆ. 4 + 4 − 12 + 8 − 12, ಅಂದರೆ −8. ಸೊನ್ನೆ ಬರಲಿಲ್ಲ. "ಅಯ್ಯೋ, ಅರ್ಧ ನಿಮಿಷದ ಕೆಲಸ!" ಎಂದಳು.

ಹೊಸ ಗ್ರಾಫ್ ಹಾಳೆ ಕೊಟ್ಟೆ. (3, −2)ರಿಂದ ನಾಲ್ಕು ದಿಕ್ಕಿಗೂ 5 ಮನೆ ಎಣಿಸಿ ಚುಕ್ಕೆಯಿಟ್ಟಳು. ಬಲಕ್ಕೆ 3, ಮೇಲಕ್ಕೆ 4 ಹೋದರೂ ಸರಿಯೇ ಎಂದು ತಾನಾಗಿಯೇ ಹೇಳಿ (6, 2) ಗುರುತಿಸಿದಳು, ಪರೀಕ್ಷಿಸಿದರೆ ಸೊನ್ನೆ. ಎರಡು ಅಕ್ಷಗಳಿಗೂ ಒಂದೇ ಅಳತೆ ಇಟ್ಟುಕೊಳ್ಳಿ, ಇಲ್ಲವಾದರೆ ವೃತ್ತ ಕೋಳಿಮೊಟ್ಟೆಯಾದೀತು.

ತಂದೆ ಉತ್ತರಪತ್ರಿಕೆ ಮಡಿಸಿ ಜೇಬಿಗಿಟ್ಟರು. ಕಾಮರ್ಸಿನ ಮಾತು ಮತ್ತೆ ಎತ್ತಲಿಲ್ಲ.

ನಿಮಗೊಂದು ಲೆಕ್ಕ: ಮೇಲಿನ ಸಮೀಕರಣದಲ್ಲಿ −12ರ ಬದಲು +13 ಇದ್ದರೆ ಹಾಳೆಯ ಮೇಲೆ ಏನು ಕಾಣುತ್ತದೆ? +20 ಇದ್ದರೆ?